ಒಂದು ಹಲ್ಲು

ಓನಿ ಊರಿನಾಚೆ, ರಿಯೋನಿ ಹೊಳೆಯ ಸದ್ದು ಕಿವಿಗೆ ಬೀಳುವಷ್ಟು ದೂರದಲ್ಲಿ,
ಅಕ್ರೋಟದ ಮರದಡಿ ನಮ್ಮ ಲಾಡಾ ನಿವಾ
ಬಾನೆಟ್ಟು ತೆರೆದು ನಿಂತು ಇವತ್ತಿಗೆ ಹತ್ತೊಂಬತ್ತು ದಿನ.
ಹೊಸ ರಿಂಗು, ಹೊಸ ಬೇರಿಂಗು,
ಕುತಾಯಿಸಿಯಲ್ಲಿ ಹೆರೆಸಿ ತಂದ ಹೆಡ್ಡು,
ರಾತ್ರಿಯೆಲ್ಲ ಎಣ್ಣೆಯಲ್ಲಿ ಮಲಗಿದ್ದ ಎರಡು ಸಾಲಿನ ಚೈನು.
ಹಳೆಯದೆಂದರೆ ಕ್ಯಾಮ್‌ಶಾಫ್ಟಿನ ಹಲ್ಲುಗಾಲಿಯೊಂದೇ.
ಅದರ ಮೇಲೆ ಗುರುತು ಎರಡು.

ಒಂದು ಕಾರ್ಖಾನೆಯದು, ಸಾಸಿವೆಕಾಳು ಕೂರುವಷ್ಟು ಗುಳಿ.
ಪಕ್ಕದ ಹಲ್ಲಿನ ಮೇಲೆ
ಅರದಿಂದ ಉಜ್ಜಿದ ಗೀರು, ಅಪ್ಪನದು.

"ಆ ಗುಳಿ ಸುಳ್ಳು. ಗೀರು ನೋಡು, ನತೇಲಾ"
ಎನ್ನುತ್ತಾನೆ ಜುಂಬೇರ್, ನನ್ನ ಅಪ್ಪ,
ತಲೆಕೆಳಗಾದ ಕ್ರೇಟಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತ.
ಹಿಮ ಬಿದ್ದ ಒಂದು ರಾತ್ರಿ ಘಾಟಿಯ ನೆತ್ತಿಯಲ್ಲಿ ಚೈನು ಜಾರಿತ್ತಂತೆ,
ಟಾರ್ಚು ಹಲ್ಲಲ್ಲಿ ಕಚ್ಚಿ, ಅಂದಾಜಿನಲ್ಲಿ ಕೂರಿಸಿದ.
ಎಂಜಿನ್ ಹೊತ್ತಿಕೊಂಡಿತು.
ಹೊತ್ತಿಕೊಂಡದ್ದಕ್ಕೆ ಗೀರು ಹಾಕಿದ.
"ಇಪ್ಪತ್ತೆರಡು ವರ್ಷ. ಒಂದು ಜೇನಿನ ಶೀಶೆ ಒಡೆದಿದೆಯಾ?"

ಒಡೆದಿಲ್ಲ.
ಹಿಡಿದ ಮೊಲಕ್ಕೆ ಮೂರೇ ಕಾಲು,
ಆದರೆ ಆ ಮೂರು ಕಾಲಿನ ಮೊಲ
ನಮ್ಮನ್ನೆಲ್ಲ ಸಾಕಿದೆ.

ಮಾತಾಡದೆ ಮೊದಲ ಪ್ಲಗ್ಗು ಬಿಚ್ಚಿದೆ.
ಅಮ್ಮನ ಉಕ್ಕಿನ ಹೆಣಿಗೆ ಕಡ್ಡಿ ಆ ತೂತಿನೊಳಗೆ ಇಳಿಸಿದೆ.
ಮೂವತ್ತೆಂಟರ ಸ್ಪ್ಯಾನರು ಕ್ರ್ಯಾಂಕಿಗೆ ಹಾಕಿ
ನಿಧಾನ, ನಿಧಾನ. ಕಡ್ಡಿ ಏರಿತು,
ಏರಿತು, ನಿಂತಿತು,
ಇಳಿಯಲೋ ಬೇಡವೋ ಎಂಬ ಹಾಗೆ.
ಪಿಸ್ಟನ್ನಿನ ನೆತ್ತಿ ಅದು. ಅಲ್ಲಿಗೆ ಕ್ರ್ಯಾಂಕಿನ ಲೆಕ್ಕ ಸರಿ.

ಆಮೇಲೆ ವಾಲ್ವುಗಳ ಮೇಲೆ ಎರಡು ಬೆರಳು.
ಈ ಗಳಿಗೆ ಹೊಸ್ತಿಲಿನ ಹಾಗೆ ಇರಬೇಕು:
ಹೊಗೆ ಹೊರಡುವ ಬಾಗಿಲು ಮುಚ್ಚುತ್ತ,
ಗಾಳಿ ಬರುವ ಬಾಗಿಲು ತೆರೆಯುತ್ತ,
ಹೋಗುವವನಿಗೂ ಬರುವವನಿಗೂ ಭುಜ ತಾಗಿ
ಇಬ್ಬರೂ ಸಮಸಮ.
ಅಪ್ಪನ ಗೀರಿನಲ್ಲಿ ಹೋಗುವವನು ಇನ್ನೂ
ಚಪ್ಪಲಿ ಹುಡುಕುತ್ತಿದ್ದ,
ಬರುವವನು ಅಂಗಳದಲ್ಲೇ ಕಾಯುತ್ತಿದ್ದ.

ಒಂದು ಹಲ್ಲು ತಡ.

ಇಪ್ಪತ್ತೆರಡು ವರ್ಷ ಊರು ಹೇಳಿದ್ದು ನೆನಪಾಯಿತು:
ಜುಂಬೇರನಷ್ಟು ತಾಳ್ಮೆಯ ಡ್ರೈವರ್ ಇಲ್ಲ.
ಮದುವಣಗಿತ್ತಿಯರನ್ನು ಕಳಿಸುವಾಗ ಅವನ ಗಾಡಿಯೇ ಬೇಕು,
ಬಸುರಿಯರನ್ನು ಆಸ್ಪತ್ರೆಗೆ ಒಯ್ಯಲು ಅವನೇ.
ಮೂರನೇ ತಿರುವಿನಲ್ಲಿ ಅವನು ನಿಲ್ಲಿಸುತ್ತಾನೆ,
ಎಂಜಿನ್ನಿಗೆ ಉಸಿರು ಬೇಕು ಎನ್ನುತ್ತಾನೆ,
ಎಲ್ಲರೂ ಇಳಿದು ಕಣಿವೆ ನೋಡುತ್ತಾರೆ.

ಇದೆಲ್ಲ ಒಂದು ಹಲ್ಲಿನದಾ?

ಅಪ್ಪ ಬೀಜದ ಸಿಪ್ಪೆ ಉಗುಳಿ ನನ್ನ ಮುಖ ನೋಡಿದ.
"ಸರಿ ಇದೆಯಾ?"
"ಇದೆ" ಎಂದೆ.
ಚೈನು ಎತ್ತಿ, ಒಂದು ಹಲ್ಲು ದಾಟಿಸಿ,
ಸಾಸಿವೆಯ ಗುಳಿಯನ್ನು ಹೌಸಿಂಗಿನ ಮೂಗಿಗೆ ನೇರ ನಿಲ್ಲಿಸಿದೆ,
ಒಂದು ಕಣ್ಣು ಮುಚ್ಚಿ, ಎದುರಿಗೇ ಕುಕ್ಕರಿಸಿ;
ಓರೆಯಿಂದ ನೋಡಿದರೆ
ಯಾವ ಗುರುತೂ ಯಾವುದಕ್ಕೂ ಕೂಡುತ್ತದೆ.
ಟೆನ್ಷನರಿನ ನಟ್ಟು ಸಡಿಲಿಸಿ, ಬಿಗಿದು,
ಕೈಯಿಂದಲೇ ಎರಡು ಪೂರ್ತಿ ಸುತ್ತು.
ಎಲ್ಲೂ ಕಚ್ಚಲಿಲ್ಲ.
ಗೀರನ್ನು ಉಜ್ಜಿ ಅಳಿಸಲಿಲ್ಲ. ಅರ ಹತ್ತಿರದಲ್ಲೇ ಇತ್ತು.

ಸಂಜೆ ಕೀಲಿ ಅವನ ಕೈಗಿಟ್ಟೆ.
ಮೊದಲ ಏರಿನಲ್ಲೇ ಅವನ ಹುಬ್ಬು ಮೇಲೆ ಹೋಯಿತು.
ಎರಡನೇ ಗೇರು ಕೇಳುತ್ತಿದ್ದ ಜಾಗದಲ್ಲಿ
ಗಾಡಿ ಮೂರರಲ್ಲೇ, ಇನ್ನೂ ಬೇಕಾ ಎನ್ನುವಂತೆ ಏರಿತು.
ನಾನು ಕಿಟಕಿಯಾಚೆ ನೋಡುತ್ತ ಕೂತೆ.
ಅವನಿಗೆ ತಿಳಿಯಿತು, ಅವನು ಕೇಳಲಿಲ್ಲ.

ಮೂರನೇ ತಿರುವು ಬಂತು.
ಎಂಜಿನ್ನಿಗೆ ದಣಿವೇ ಇರಲಿಲ್ಲ.
ನಿಲ್ಲಿಸಿದ.
ಇಳಿದು, ಬಾನೆಟ್ಟಿನ ಮೇಲೆ ಅಂಗೈಯೂರಿ,
"ಉಸಿರಾಡಲಿ" ಎಂದ.